ಒಂಗೆಕೊಪ್ಲು ಗೇಟ್

ಜೂನ್ 2, 2025, ಸೋಮವಾರ

ಹಾಸನದ ಸಾರಿಗೆ ಕಚೇರಿಗೆ ಹೋಗಿ ಬಂದೆ. ಕೈಯಲ್ಲಿ ಬಸ್ ನಿಲುಗಡೆಗಾಗಿ ನಾಲ್ಕನೆಯ ಮನವಿ. ಹಿಂದಿನ ಮೂರು ಎಲ್ಲಿವೆ ಎಂದು ಕೇಳಿದ್ದಕ್ಕೆ ಅಧಿಕಾರಿ ಮೂಲೆಯ ಕಬ್ಬಿಣದ ಬೀರು ತೋರಿಸಿದರು. ಸಿಟ್ಟು ಬಂತು. ಆದರೆ ಅವರು ನಗುತ್ತಿರಲಿಲ್ಲ.

"ಕೂತ್ಕೊಮ್ಮ. ಇದ್ರಲ್ಲಿ ನೂರಿಪ್ಪತ್ತು ಸಹಿ ಇದೆ. ಎಂಬತ್ತು ಒಂದೇ ಕೈಬರಹ."

ಎಂಬತ್ತಲ್ಲ, ಎಪ್ಪತ್ತೆರಡು. ಬರೆದವಳು ನಾನೇ. ಜನ ಹೊಲದಲ್ಲಿದ್ದರು, ಅವರ ಪರವಾಗಿ ಬರೆದೆ. ಜನರ ಪರವಾಗಿ ಬರೆಯುವುದು ತಪ್ಪೇ? ಅಧಿಕಾರಿಯನ್ನು ಕೇಳಲಿಲ್ಲ, ಇಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ಅವರು ಹೇಳಿದ್ದು ಇಷ್ಟು. "ಯಾರು ಹತ್ತುತಾರೆ, ಎಲ್ಲಿಗೆ ಹೋಗ್ತಾರೆ, ಯಾವ್ಯಾವ ದಿನ, ಫೋನ್ ನಂಬರು. ದಿನಕ್ಕೆ ನಲವತ್ತು ಜನ ನಿಜವಾಗ್ಲೂ ಹತ್ತುತಾರೆ ಅಂತ ತೋರ್ಸು, ಸ್ಟಾಪ್ ಕೊಡ್ತೀನಿ. ಜುಲೈ ನಾಲ್ಕಕ್ಕೆ ವೇಳಾಪಟ್ಟಿ ಸಭೆ. ಅದು ತಪ್ಪಿದ್ರೆ ಇನ್ನು ಮುಂದಿನ ವರ್ಷವೇ."

ನಮ್ಮ ಊರು ಹೊಂಗೆಕೊಪ್ಪಲು. ಅರಕಲಗೂಡಿನಿಂದ ಹಳ್ಳಿಮೈಸೂರಿನ ಮೇಲೆ ಹೊಳೆನರಸೀಪುರಕ್ಕೆ ದಿನವೂ ಹೋಗಿಬರುವ ಬಸ್ಸು ನಮ್ಮೂರ ಗೇಟಿನ ಮುಂದೆಯೇ ಹಾದುಹೋಗುತ್ತದೆ. ನಿಲ್ಲುವುದಿಲ್ಲ. ಅವ್ವ ಹೊಳೆನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ದಿನವೂ ಮೂರು ಕಿಲೋಮೀಟರ್ ನಡೆದು ಹಳ್ಳಿಮೈಸೂರಿನಲ್ಲಿ ಬಸ್ಸು ಹತ್ತುತ್ತಾಳೆ. ಎಡಗಾಲಿನ ಮಂಡಿ ಊದಿಕೊಂಡು ಮೂರು ತಿಂಗಳಾಯಿತು. ನಡೆಯಬೇಡ ಎಂದು ಡಾಕ್ಟರು ಹೇಳಿದ್ದಾರೆ. ನಡೆಯದಿದ್ದರೆ ಕೆಲಸವಿಲ್ಲ. ಇನ್ನೊಂದು ವರ್ಷ ಆ ಮಂಡಿ ತಡೆಯುವುದಿಲ್ಲ. ಹೆಂಗಸರಿಗೆ ಟಿಕೆಟ್ ಉಚಿತ ಎನ್ನುತ್ತಾರೆ. ನಿಲ್ಲದ ಬಸ್ಸಿನಲ್ಲಿ ಉಚಿತ ಎಂದರೆ ಏನರ್ಥ?

ಜೂನ್ 8, ಭಾನುವಾರ

ಐದು ದಿನ ಕೂತು ಪುಟ ಸಿದ್ಧ ಮಾಡಿದೆ. ಇನ್ನು ಕಾಗದದ ಮನವಿ ಬೇಡ. ಇದು ವೆಬ್‌ಸೈಟು, ಫೋನಿನಲ್ಲಿ ತೆರೆಯುತ್ತದೆ. ಸುಮ್ಮನೆ ಓದಿಸಿಕೊಂಡು ಬಿದ್ದಿರುವ ಪುಟವಲ್ಲ, ಮುಟ್ಟಿದರೆ ಉತ್ತರ ಕೊಡುತ್ತದೆ. ಊರಿನ ಹೆಸರಿನ ಮೊದಲ ಅಕ್ಷರ ಬಿದ್ದ ಕೂಡಲೇ ಕೆಳಗೆ ಪಟ್ಟಿ ಇಳಿಯುತ್ತದೆ. ಎರಡನೆಯ ಅಕ್ಷರಕ್ಕೆ ಪಟ್ಟಿ ಕಿರಿದಾಗುತ್ತದೆ. ಇಡೀ ಜಿಲ್ಲೆಯ ಊರುಗಳನ್ನು ತುಂಬಿದ್ದೇನೆ. ಊರು, ಹೋಗುವ ಜಾಗ, ದಿನ, ಫೋನ್ ನಂಬರು. ಬಟನ್ ಒತ್ತಿದರೆ ಮೇಲಿನ ಸಂಖ್ಯೆ ಒಂದು ಹೆಚ್ಚುತ್ತದೆ, ಯಾರ ಫೋನಿನಲ್ಲಿ ನೋಡುತ್ತಿದ್ದರೂ ಅದೇ ಕ್ಷಣಕ್ಕೆ. ಒಂದು ನಂಬರಿನಿಂದ ಒಂದೇ ಸಲ. ಈ ಬಾರಿ ಯಾರ ಪರವಾಗಿಯೂ ನಾನು ಬರೆಯುವಂತಿಲ್ಲ.

ಇಂಥ ಪುಟಗಳನ್ನು ಬರೆಯುವ ಜಾವಾಸ್ಕ್ರಿಪ್ಟನ್ನು ನನಗೆ ಯಾರೂ ಕಲಿಸಲಿಲ್ಲ. ಅರಕಲಗೂಡಿನಲ್ಲಿ ಆಶಾರಾಣಿ ಅಕ್ಕನ ಕಂಪ್ಯೂಟರ್ ಸೆಂಟರಿನಲ್ಲಿ ಜೆರಾಕ್ಸ್ ಮಾಡುತ್ತಾ, ಬೇರೆಯವರ ಅರ್ಜಿ ತುಂಬುತ್ತಾ, ಊಟದ ಬಿಡುವಿನಲ್ಲಿ ಎರಡು ವರ್ಷ ಕಲಿತೆ. ಕೋಡಿನ ಒಳಗಿನ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೇನೆ. ಒಂದು ಫಂಕ್ಷನ್ನಿನ, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡಿನ, ಹೆಸರು ‘ತಿದ್ದು’. ಹೆಸರು ತಪ್ಪಾಗಿ ಬರೆದರೆ ಅದು ಕೆಂಪು ಗೆರೆ ಎಳೆದು ಸರಿಯಾಗಿ ಬರೆಯಿರಿ ಎನ್ನುತ್ತದೆ. ನನಗೆ ಬಹಳ ಇಷ್ಟವಾದದ್ದು ಅದೇ.

ಅಕ್ಕ ನೋಡಿ ನಕ್ಕರು. "ಏನೇ ಇದು, ಬಟನ್ ಮೇಲೆ ‘ಸಲ್ಲಿಸು’? ಕೋರ್ಟಿಗೆ ಬಂದಂಗಾಯ್ತದೆ. ‘ಒತ್ತಿ’ ಅಂತ ಹಾಕು."

"ಭಾಷೆ ಶುದ್ಧವಾಗಿರಬೇಕಕ್ಕ."

"ಆಯ್ತು ತಾಯಿ, ಮಡಿಯಾಗಿರ್ಲಿ."

ಅವರು ನಕ್ಕರೆ ನಗಲಿ. ನಮ್ಮೂರ ಜಮೀನ್ದಾರ ತಿಮ್ಮಪ್ಪನವರಂಥ ಮನೆತನದ ನಂಟರು ಅವರು. ಅವರು ಹೇಗೆ ಮಾತಾಡಿದರೂ ಜನ ಕೇಳುತ್ತಾರೆ. ಕೇರಿಯಿಂದ ಬಂದವಳು ಒಂದು ಅಕ್ಷರ ಬಿಟ್ಟರೆ ಸಾಕು, ಕೇಳುವುದನ್ನು ನಿಲ್ಲಿಸುತ್ತಾರೆ. ಪಿಯುಸಿಯಲ್ಲಿ ಪಾಠ ಓದುವಾಗ ‘ಹಸಿವು’ ಎನ್ನುವ ಬದಲು ‘ಅಸಿವು’ ಎಂದೆ. ಇಡೀ ತರಗತಿ ನಕ್ಕಿತು. ಆಮೇಲೆ ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಹ ಹಾ ಹಿ ಹೀ ಎಂದು ರೂಢಿ ಮಾಡಿಕೊಂಡೆ. ಭಾಷೆಯ ಬಗ್ಗೆ ಎಷ್ಟು ಕಿರುಹೊತ್ತಿಗೆ ಸಿಕ್ಕಿದವೋ ಅಷ್ಟನ್ನೂ ಓದಿದ್ದೇನೆ. ನಮ್ಮ ಜನವೂ ತಿದ್ದಿಕೊಳ್ಳಬೇಕು. ಬಸ್ಸಿನ ಜೊತೆಗೆ ಅದೂ ಆಗಲಿ.

ಜೂನ್ 15, ಭಾನುವಾರ

ಒಂದು ವಾರ. ಸಂಖ್ಯೆ ಮೂರು. ಅದರಲ್ಲಿ ಒಂದು ನಾನು.

ಬೆಳಗ್ಗೆ ಕೇರಿಯಲ್ಲಿ ಮನೆಮನೆಗೆ ಹೋದೆ. ಪಕ್ಕದ ಮನೆಯ ರೇವಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದಳು. ಸುತ್ತ ನಾಲ್ಕೈದು ಹೆಂಗಸರು. ಫೋನ್ ಕೊಟ್ಟೆ. ಅವಳಿಗೆ ಬರೆಯಲು ಬೇಸರ. ಮೈಕಿನ ಗುರುತು ಒತ್ತಿ ಬಾಯಿಯ ಹತ್ತಿರ ಹಿಡಿದು ಹೇಳಿದಳು. ಫೋನು ಕೇಳಿಸಿಕೊಂಡ ಹಾಗೇ ಬರೆಯಿತು: ಒಂಗೆಕೊಪ್ಲು. ಕೆಂಪು ಗೆರೆ ಬಂತು.

"ಏನಂತದೆ?"

ಓದಿ ಹೇಳಿದೆ. "ಅಂಥ ಊರು ಇಲ್ಲ. ಸರಿಯಾಗಿ ಬರೆಯಿರಿ."

"ಊರೇ ಇಲ್ವಾ? ಅಂಗಾರೆ ನಾನೀಗ ಎಲ್ಲಿವ್ನಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. "ಹೊಂಗೆಕೊಪ್ಪಲು ಅನ್ನಬೇಕು ಅತ್ತೆ. ಹ. ಹೊಟ್ಟೆಯಿಂದ ಬರಬೇಕು."

"ಒಟ್ಟೆಯಿಂದ್ಲೇ ಬತ್ತಾ ಐತೆ ಕಣಮ್ಮಿ. ಇನ್ನೆಲ್ಲಿಂದ ಬತ್ತದೆ?"

ಮತ್ತೆ ನಗು. ಫೋನ್ ವಾಪಸ್ ಕೊಟ್ಟು ಅಲಸಂದೆಕಾಯಿಗೆ ಕೈ ಹಾಕಿದಳು. "ಮದ್ಲು ನಮ್ಮೂರ್ನ ಉಡುಕ್ಕೊಂಡ್ ಬಾ, ಆಮೇಲೆ ಬಸ್ ನಿಲ್ಸೀವಂತೆ."

ಇಷ್ಟು ದೊಡ್ಡ ಅನ್ಯಾಯ ಕಣ್ಣೆದುರಿಗಿದೆ. ಇವರಿಗೆ ತಮಾಷೆ.

ಜೂನ್ 16, ಸೋಮವಾರ

ದಾರಿ ಹೊಳೆಯಿತು. ಪಾಠ. ಸಂಜೆ ಆರಕ್ಕೆ ನಮ್ಮ ಜಗುಲಿಯಲ್ಲಿ ಹಕಾರದ ಪಾಠ ಮಾಡಿದೆ. ಹದಿನಾಲ್ಕು ಜನ ಬಂದರು. ಹಾಲು, ಹಲ್ಲು, ಹೂವು, ಹೊಳೆ, ಹಾಸನ. ಚೆಲುವಯ್ಯ ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ಹೇಳಿದರು. ಕೊನೆಯಲ್ಲಿ ಹದಿನಾಲ್ಕು ಜನವೂ ಹೊಂಗೆಕೊಪ್ಪಲು ಎಂದರು. ಇಂಥ ಪಾಠ ಮೂರೇ ದಿನ ಸಾಕು.

ಜೂನ್ 19, ಗುರುವಾರ

ಸಂಖ್ಯೆ ಹನ್ನೊಂದು. ಸಭೆಗೆ ಹದಿನೈದು ದಿನ.

ಜನ ಏನೇನು ಬರೆದು ಸೋತಿದ್ದಾರೆ ಎಂದು ಪುಟ ನೆನಪಿಟ್ಟುಕೊಳ್ಳುವಂತೆ ಮಾಡಿದ್ದೆ. ಇವತ್ತು ಸೆಂಟರಿನಲ್ಲಿ ಆ ಪಟ್ಟಿ ತೆಗೆದು ನೋಡಿದೆ. ಒಂಗೆಕೊಪ್ಲು, ಒಂಗೆಕೊಪ್ಪ್ಲು ಇದ್ದೇ ಇದ್ದವು. ಆದರೆ ಸೋಮವಾರದಿಂದ ಈಚೆಗೆ ಹೊಸ ಜಾತಿಯ ತಪ್ಪು ಶುರುವಾಗಿದೆ. ಹರಕಲಗೂಡು. ಒಂಬತ್ತು ಸಲ ಹರಕಲಗೂಡು. ಅದರ ಕೆಳಗೆ ಯಾರೋ ಹೋಗುವ ಜಾಗ ಎಂದು ‘ಹಾಸ್ಪತ್ರೆ’ ಬರೆದಿದ್ದಾರೆ.

ಸಂಜೆ ದೊಡ್ಡಪ್ಪ ಸಿಕ್ಕಿದಾಗ ಕೇಳಿದೆ. ಅವರದೇ ಕೆಲಸ.

"ಊರಿಗೆ ಹ ಆಕಿದ್ ಮೇಲೆ ತಾಲ್ಲೂಕಿಗೆ ಆಕ್ದೆ ಬುಡಕಾಯ್ತದಾ? ದೊಡ್ಡ ಊರು. ಮರ್ವಾದೆ ಕೊಡಾನ ಅಂತ ನಾನೇ ಒಂದು ಹ ಮಡಗ್ದೆ."

"ಅರಕಲಗೂಡಿಗೆ ಹ ಇಲ್ಲ ದೊಡ್ಡಪ್ಪ."

"ನಮಗಿದ್ದು ಅದ್ಕಿಲ್ವಾ?" ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಆಮೇಲೆ ಫೋನನ್ನು ಜೇಬಿಗಿಟ್ಟು, "ಓಗ್ಲಿ ಬುಡು ಮಗ. ನನ್ನ ಎಸ್ರು ಇಲ್ದಿದ್ರೂ ಆಯ್ತದೆ. ಫೋನು ಮಕ್ಕಳ ಮುಂದೆ ಬೈದಂಗೆ ಆಯ್ತದೆ" ಎಂದು ಹೋದರು.

ಊಟಕ್ಕೆ ಕೂತಾಗ ಅವ್ವ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಹೇಳಿದಳು. "ರೇವಕ್ಕ ಈಗ ನೀನ್ ಬಂದ್ರೆ ಮಾತೇ ಆಡಕಿಲ್ಲ, ನೋಡ್ದಾ? ಬಾಯ್ ಬುಟ್ರೆ ಎಲ್ಲಿ ತಿದ್ಬುಡ್ತೀಯೋ ಅಂತ."

ಅದಕ್ಕೂ ಕೋಡಿಗೂ ಏನೂ ಸಂಬಂಧವಿಲ್ಲ. ಸುಮ್ಮನೆ ಬರೆದಿಟ್ಟಿದ್ದೇನೆ.

ಜೂನ್ 20

ಇವತ್ತು ಪಾಠವಿಲ್ಲ ಎಂದು ಹೇಳಿಸಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ.

ಜೂನ್ 22, ಭಾನುವಾರ

ಗೆದ್ದೆ.

ಅಕ್ಕನಿಂದ ಬೀಗದ ಕೈ ಇಸಿದುಕೊಂಡು ಬೆಳಗ್ಗೆ ಏಳಕ್ಕೇ ಸೆಂಟರಿಗೆ ಹೋಗಿ ಕೂತೆ. ಒಂದೊಂದು ತಪ್ಪನ್ನೂ ಪಟ್ಟಿಗೆ ಸೇರಿಸುತ್ತಾ ಹೋದರೆ ಮುಗಿಯುವುದಿಲ್ಲ. ಹತ್ತು ಸೇರಿಸಿದರೆ ಹನ್ನೊಂದನೆಯದು ಬರುತ್ತದೆ. ಆಗ ಯೋಚನೆ ತಿರುಗಿತು. ಜನರ ಮಾತಿಗೆ ಹ ಸೇರಿಸುವ ಬದಲು ಪಟ್ಟಿಯಲ್ಲಿರುವ ಊರಿನಿಂದಲೇ ಹ ತೆಗೆದರೆ? ಎರಡೂ ಕಡೆಯಿಂದ ತೆಗೆದು, ಉಳಿದದ್ದನ್ನು ಹೋಲಿಸಿದರೆ? ಹೊಂಗೆಕೊಪ್ಪಲು ಎಂದವರೂ ಒಂದೇ ಕಡೆ ಬರುತ್ತಾರೆ, ಒಂಗೆಕೊಪ್ಪಲು ಎಂದವರೂ ಬರುತ್ತಾರೆ. ಹರಕಲಗೂಡಿನವರೂ ಬರುತ್ತಾರೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕಂಪ್ಯೂಟರಿಗೆ ‘ಹೊ’ ಎಂದರೆ ಒಂದು ಅಕ್ಷರವಲ್ಲ, ಎರಡು ತುಂಡು. ಹ ಒಂದು, ಅದಕ್ಕೆ ಅಂಟಿದ ಒತ್ವದ ಗುರುತು ಇನ್ನೊಂದು. ಹ ಕಿತ್ತರೆ ಆ ಗುರುತು ಹಿಡಿಯಲು ಏನೂ ಇಲ್ಲದೆ ಗಾಳಿಯಲ್ಲಿ ನೇತಾಡುತ್ತದೆ. ಪರದೆಯ ಮೇಲೆ ಅದರ ಪಕ್ಕ ಚುಕ್ಕಿಚುಕ್ಕಿಯ ಒಂದು ಖಾಲಿ ವೃತ್ತ ಬಂದು ಕೂರುತ್ತದೆ. ಹತ್ತು ಗಂಟೆಯವರೆಗೆ ನನ್ನ ಊರು ಆ ಖಾಲಿ ವೃತ್ತವೇ ಆಗಿತ್ತು.

ಆಮೇಲೆ ಹೊಳೆಯಿತು. ಕಿತ್ತರೆ ಸಾಲದು, ಆ ಗುರುತಿಗೆ ಅದರದೇ ಸ್ವರ ಕೊಡಬೇಕು. ಒತ್ವದ ಗುರುತು ಇದ್ದರೆ ಒ, ದೀರ್ಘವಿದ್ದರೆ ಆ, ಏನೂ ಇಲ್ಲದಿದ್ದರೆ ಅ. ಹನ್ನೆರಡು ಸಾಲಿನ ಪಟ್ಟಿ ಮಾಡಿದೆ. ನಮ್ಮ ರೇವಮ್ಮ ಅದನ್ನು ಯಾವ ಪಟ್ಟಿಯೂ ಇಲ್ಲದೆ ಹುಟ್ಟಿದಾಗಿನಿಂದ ಮಾಡುತ್ತಿದ್ದಾಳೆ. ಹ ಬಿಟ್ಟಳು ಎಂದುಕೊಂಡಿದ್ದೆ. ಬಿಟ್ಟು ಸುಮ್ಮನಾಗಿಲ್ಲ, ಅದರ ಜಾಗಕ್ಕೆ ಸರಿಯಾದ ಸ್ವರವನ್ನೇ ಇಟ್ಟಿದ್ದಾಳೆ. ಒಂದು ಸಲವೂ ತಪ್ಪಿಲ್ಲ.

ಇನ್ನು ಕೊಪ್ಲು. ಒತ್ತಕ್ಷರ ಬಿಡಿಸಿ, ಜೋಡಿಯಾಗಿ ಬಂದದ್ದನ್ನು ಒಂದೇ ಮಾಡಿದೆ. ಕೊಪ್ಪಲು ‘ಕೊಪಲು’ ಆಯಿತು, ಕೊಪ್ಲು ಕೂಡ ‘ಕೊಪಲು’ ಆಯಿತು. ಅರ್ಕಲ್ಗೂಡು ತಾನಾಗಿಯೇ ಅರಕಲಗೂಡಿಗೆ ಹೋಗಿ ಸೇರಿತು. ಅದಕ್ಕೆ ನಾನೇನೂ ಮಾಡಿರಲಿಲ್ಲ. ಕುರ್ಚಿಯಿಂದ ಎದ್ದು ಸೆಂಟರಿನೊಳಗೇ ಎರಡು ಸುತ್ತು ನಡೆದೆ.

ಸೋತವರ ಪಟ್ಟಿಯಲ್ಲಿದ್ದ ಎಂಬತ್ತಾರು ಹೆಸರುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ. ಎಂಬತ್ತೈದಕ್ಕೆ ಊರು ಸಿಕ್ಕಿತು. ಉಳಿದದ್ದು ಹಾಸ್ಪತ್ರೆ. ಅದು ಊರೇ ಅಲ್ಲ.

‘ತಿದ್ದು’ ಫಂಕ್ಷನ್ ಅಳಿಸಿದೆ. ಸುಮ್ಮನೆ ಜಾಗ ತಿನ್ನುತ್ತಿತ್ತು. ‘ಅಂಥ ಊರು ಇಲ್ಲ’ ಎಂಬ ಸಾಲನ್ನೂ ತೆಗೆದು ‘ಇನ್ನೊಂದ್ಸಲ ಹೇಳಿ’ ಎಂದು ಹಾಕಿದೆ. ಬಟನ್ನಿನ ಮೇಲೆ ‘ಒತ್ತಿ’. ಚಿಕ್ಕ ಪರದೆಗೆ ಚಿಕ್ಕ ಪದವೇ ಸರಿ.

ಜೂನ್ 25, ಬುಧವಾರ

ಒಂದೇ ದಿನ ಇಪ್ಪತ್ತೊಂಬತ್ತು.

ಮೊದಲು ರೇವಮ್ಮನ ಹತ್ತಿರವೇ ಹೋದೆ. ನನ್ನನ್ನು ಕಂಡು ಬಾಯಿ ಬಿಗಿದುಕೊಂಡಳು. "ನಿಮಗೆ ಹೇಗೆ ಬರುತ್ತೋ ಹಾಗೇ ಹೇಳಿ ಅತ್ತೆ" ಎಂದೆ. ಅನುಮಾನದಿಂದ ನೋಡಿದಳು. ಮೈಕು ಒತ್ತಿ ಜೋರಾಗಿ, ದೂರದ ಹೊಲದಲ್ಲಿರುವವರನ್ನು ಕರೆಯುವ ಹಾಗೆ ಹೇಳಿದಳು. ಪಟ್ಟಿ ಇಳಿಯಿತು. ಮೊದಲ ಸಾಲೇ ನಮ್ಮೂರು.

"ಬಂತಾ?"

"ಬಂತು."

"ಅಂಗೆ ಬಾ ದಾರಿಗೆ" ಎಂದಳು. ಫೋನಿಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ. ಆಮೇಲೆ ಹೋಗುವ ಜಾಗಕ್ಕೆ "ಒಳೆನರ್ಸೀಪುರ" ಎಂದಳು. ಅದೂ ಬಂತು. ಒತ್ತಿದಳು. ಹನ್ನೆರಡು. ತನ್ನ ಬೆರಳಿನಿಂದಲೇ ಸಂಖ್ಯೆ ಏರಿದ್ದನ್ನು ಕಂಡು ಮತ್ತೊಂದು ಸಲ ಒತ್ತಿದಳು. ಏರಲಿಲ್ಲ. "ಒಬ್ಬರಿಗೆ ಒಂದೇ ಸಲ" ಎಂದೆ. "ವೋಟು ಅನ್ನು" ಎಂದು ಫೋನನ್ನು ಪಕ್ಕದವಳಿಗೆ ಕೊಟ್ಟಳು. ಅಲ್ಲಿಂದ ಮುಂದೆ ನನ್ನ ಕೆಲಸವೇ ಇರಲಿಲ್ಲ. ಒಬ್ಬರಿಗೊಬ್ಬರು ಹೇಳಿಕೊಟ್ಟರು.

ದೊಡ್ಡಪ್ಪ ಬಂದು ಹಟಕ್ಕೆ ಹರಕಲಗೂಡು ಎಂದೇ ಬರೆದರು. ಅರಕಲಗೂಡು ಸಿಕ್ಕಿತು. "ನೋಡ್ದಾ, ಮರ್ವಾದೆ ಕೊಟ್ರೆ ಅದೂ ಬತ್ತದೆ" ಎಂದರು. ಅವರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ. ಅದನ್ನು ಹಿಡಿದುಕೊಂಡು ಗೇಟಿಗೆ ಹೋಗಿ, ಹಾದುಹೋಗುವವರನ್ನೆಲ್ಲ ನಿಲ್ಲಿಸಲು ಶುರು ಮಾಡಿದ್ದಾರೆ.

ಸಂಜೆ ಆರಕ್ಕೆ ಊರಿನಿಂದ ಕೇರಿಗೆ ತಿಮ್ಮಪ್ಪನವರ ಹೆಂಡತಿ ಕಾಮಾಕ್ಷಮ್ಮ ಬಂದರು. ಜಮೀನ್ದಾರರ ಹೆಸರು ಸೇರಿಸಬಾರದು ಎಂದು ಮೊದಲು ಅಂದುಕೊಂಡಿದ್ದೆ. ಅವರಿಗೆ ವಾರಕ್ಕೆರಡು ದಿನ ಹೊಳೆನರಸೀಪುರದಲ್ಲಿ ಸಕ್ಕರೆ ಕಾಯಿಲೆಗೆ ತೋರಿಸಬೇಕು. "ಮನೇಲಿ ಎರಡು ಬೈಕ್ ಅವೆ ಕಣವ್ವ, ಕರ್ಕೊಂಡೋಗೋರು ಒಬ್ರೂ ಇಲ್ಲ" ಎಂದರು. ನಮ್ಮ ಜಗುಲಿಯ ಮೇಲೆ ಕೂತರು. ಅವರ ಫೋನ್ ಹಳೆಯದು, ಪಟ್ಟಿ ಅರ್ಧ ಮುಚ್ಚಿಹೋಗುತ್ತಿತ್ತು. ಅದನ್ನು ಸರಿಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವ್ವ ಟೀ ಕೊಟ್ಟಳು, ಅವರು ಕುಡಿದರು, ಇಬ್ಬರೂ ಮಂಡಿನೋವಿನ ಎಣ್ಣೆಯ ಬಗ್ಗೆ ಮಾತಾಡಿದರು. ಹಳೆಯ ಫೋನುಗಳಲ್ಲಿ ಪಟ್ಟಿಯ ಎತ್ತರ ಕಡಿಮೆ ಮಾಡಬೇಕು ಎಂದು ಗುರುತು ಹಾಕಿಕೊಂಡೆ. ಮುಖ್ಯವಾದ ಪಾಠ.

ನಲವತ್ತು.

ಜೂನ್ 29, ಭಾನುವಾರ

ಐವತ್ತೆರಡು. ರೇವಮ್ಮ ಮಾತಾಡುತ್ತಾಳೆ, ಮೊದಲಿಗಿಂತ ಹೆಚ್ಚೇ ಆಡಿಕೊಳ್ಳುತ್ತಾಳೆ. ಅವಳ ಬಾಯಲ್ಲಿ ಕೇಳಿದ ಎಂಟು ಊರಿನ ಹೆಸರುಗಳನ್ನು ಬರೆದುಕೊಂಡೆ, ಕೋಡಿಗೆ ಪರೀಕ್ಷೆ ಕೊಡಲು.

ಜುಲೈ 4, ಶುಕ್ರವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆಯಬೇಕು.

ಆಶಾರಾಣಿ ಅಕ್ಕ ಸೆಂಟರ್ ಮುಚ್ಚಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಹಾಸನಕ್ಕೆ ಜೊತೆಗೆ ಬಂದರು. ಸಭೆಯಲ್ಲಿ ಮೂವತ್ತು ಊರಿನವರು, ಎಲ್ಲರ ಕೈಯಲ್ಲೂ ಕಾಗದ. ನಮ್ಮ ಸರದಿ ಬಂದಾಗ ಪುಟ ತೆರೆದು ಅಧಿಕಾರಿಯ ಮುಂದಿಟ್ಟೆ. ಅರವತ್ತೊಂದು ಜನ. ಬಹುಪಾಲು ಜನ ವಾರದಲ್ಲಿ ಆರು ದಿನವೂ ಹೋಗುವವರು. ಸೋಮವಾರ ನಲವತ್ತೆಂಟು, ಕಡಿಮೆ ಎಂದರೆ ಶನಿವಾರ, ನಲವತ್ತೆರಡು. ದಿನದ ಮೇಲೆ ಬೆರಳಿಟ್ಟರೆ ಆ ದಿನದ ಹೆಸರುಗಳಷ್ಟೇ ನಿಲ್ಲುತ್ತವೆ. ಅವರು ಒಂದೊಂದೇ ದಿನ ಒತ್ತಿ ನೋಡಿದರು.

"ಇಷ್ಟೂ ನೀನೇ ಒತ್ತಿರೋದಲ್ವಾ?"

"ಒಂದು ನಂಬರಿಗೆ ಒಂದೇ ಸಲ ಸಾ. ಬೇಕಾದವರಿಗೆ ಫೋನ್ ಮಾಡಿ."

ಪಟ್ಟಿಯ ನಡುವಿನಿಂದ ಒಂದು ನಂಬರು ಆರಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮಾಡಿಯೇಬಿಟ್ಟರು. ಆ ಕಡೆಯಿಂದ ಬಂದ ದನಿ ಯಾರದೆಂದು ನನಗೆ ಕೂಡಲೇ ಗೊತ್ತಾಯಿತು.

"ಯಾರ್ಲಾ ಅದು?"

"ಹಾಸನದಿಂದ, ಸಾರಿಗೆ ಕಚೇರಿಯಿಂದ ಮಾತಾಡ್ತಾ ಇದ್ದೀನಮ್ಮ. ನಿಮ್ಮ ಹೆಸರು?"

"ರೇವಮ್ಮ. ಬಸ್ ನಿಲ್ಸಂಗಿದ್ರೆ ಮಾತಾಡು. ಇಲ್ದಿದ್ರೆ ಮಡುಗು ಫೋನ, ಕಳೆ ಕೀಳ್ತಾ ಇವ್ನಿ."

ಸಭೆಯೇ ನಕ್ಕಿತು. ಪಿಯುಸಿ ತರಗತಿಯ ನಗುವಿನ ಹಾಗಿರಲಿಲ್ಲ ಅದು. ಅಧಿಕಾರಿಯೂ ನಕ್ಕು, "ನಿಲ್ಸೋ ವಿಚಾರಕ್ಕೇ ಮಾಡಿದ್ದು. ನೀವು ಎಲ್ಲಿ ಹತ್ತುತೀರಿ?" ಎಂದರು.

"ಅತ್ತಾದೆಲ್ಲಿ? ಅಳ್ಳಿಮೈಸೂರ್ಗಂಟ ನಡ್ಕೊಂಡೋಗೋದೆಯ. ನಮ್ಮ ಮಾದಮ್ಮ ಕಾಲು ಎಳ್ಕೊಂಡು ಓಯ್ತಾಳೆ, ನಿನ್ನ ಬಸ್ಸು ಪಕ್ಕದಲ್ಲೇ ದೂಳೆಬ್ಬಿಸ್ಕೊಂಡು ಓಯ್ತದೆ. ಡ್ರೈವರ್ ಮಕ ನಮಗೆ ಗೊತ್ತು, ನಮ್ಮ ಮಕ ಅವನಿಗೆ ಗೊತ್ತು."

ಮಾದಮ್ಮ ಎಂದರೆ ನಮ್ಮವ್ವ. ನಾಲ್ಕು ಮನವಿಯಲ್ಲಿ ನಾನು ಬರೆಯಲಾಗದ್ದನ್ನು ರೇವಮ್ಮ ಕಳೆ ಕೀಳುತ್ತಾ ಹೇಳಿದಳು.

ಅವರು ಇನ್ನೆರಡು ಕಡೆ ಫೋನ್ ಮಾಡಿದರು. ಒಂದು ಕಡೆ ಕಾಮಾಕ್ಷಮ್ಮ ಎತ್ತಿದರು. ಅವರ ಕೈಯಿಂದ ಗಂಡ ಫೋನ್ ಇಸಿದುಕೊಂಡು "ನಾನೂ ಅವ್ಳ ಜೊತೆ ಓಗ್ತೀನಿ, ನನ್ನ ಎಸ್ರೂ ಆಕಿ" ಎಂದರು. ಈ ಮಾತು ನಡೆಯುತ್ತಿರುವಾಗಲೇ ಪರದೆಯ ಮೇಲೆ ಅರವತ್ತೊಂದು ಇದ್ದದ್ದು ಅರವತ್ತೆರಡಾಯಿತು. ಸ್ವಲ್ಪ ಹೊತ್ತಿಗೆ ಅರವತ್ತಮೂರು. ಯಾರೂ ಮುಟ್ಟಿರಲಿಲ್ಲ. ಗೇಟಿನಲ್ಲಿ ದೊಡ್ಡಪ್ಪ ಕೂತಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು. ಸಭೆಯ ಅರ್ಧ ಜನ ಎದ್ದು ಬಂದು ಮೇಜಿನ ಸುತ್ತ ನಿಂತು ನೋಡಿದರು.

"ಯಾವ ಸ್ಟಾಪ್ ಅಂದ್ರಿ?" ಅಧಿಕಾರಿ ಪೆನ್ನು ತೆಗೆದು ಕೇಳಿದರು.

"ಒಂಗೆಕೊಪ್ಲು ಗೇಟ್ ಸಾ" ಎಂದೆ.

ಬರೆದುಕೊಂಡರು. ಸಹಿ ಹಾಕಿದರು. ಹದಿನಾಲ್ಕರಿಂದ ಜಾರಿ.

ಹೊರಗೆ ಬರುವಾಗ ಚನ್ನರಾಯಪಟ್ಟಣದ ಕಡೆಯ ಒಬ್ಬರು ಹಿಂದೆಯೇ ಬಂದರು. "ಇದು ನಮ್ಮೂರ್ಗೂ ಆಯ್ತದಾ ತಂಗಿ? ನಮ್ದು ಇರೀಸಾವೆ ಅತ್ರ." ಅವರ ಕೈಗೇ ಫೋನ್ ಕೊಟ್ಟೆ. ಹೇಳಿದರು. ಹಿರೀಸಾವೆ ಬಂತು. ಅಕ್ಕ ನನ್ನ ಬೆನ್ನಿಗೊಂದು ಗುದ್ದಿ, "ನಡಿ, ಮಸಾಲೆ ದೋಸೆ ಕೊಡಿಸ್ತೀನಿ" ಎಂದರು. ಎರಡು ತಿಂದೆ.

ಜುಲೈ 14, ಸೋಮವಾರ

ಏಳಕ್ಕೇ ಗೇಟಿನಲ್ಲಿ ಜನ. ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಬಸ್ಸು ದೂರದ ತಿರುವಿನಲ್ಲಿ ಕಂಡ ಕೂಡಲೇ ಎಲ್ಲ ಹೆಂಗಸರೂ ರಸ್ತೆಯಿಂದ ಹಿಂದೆ ಸರಿದು, ಮುಖಕ್ಕೆ ಸೆರಗು ಮುಚ್ಚಿಕೊಂಡು ಚರಂಡಿಯ ಪಕ್ಕ ನಿಂತರು. ಹತ್ತು ವರ್ಷದಿಂದ ಆ ಬಸ್ಸು ಬಂದಾಗಲೆಲ್ಲ ಹಾಗೆಯೇ ಮಾಡಿದ್ದಾರೆ, ಧೂಳಿಗೆ. ಬಸ್ಸು ವೇಗ ಇಳಿಸಿತು. ನಿಂತಿತು. ಬಾಗಿಲು ತೆರೆಯಿತು. ಆದರೂ ಯಾರೂ ಅಲುಗಲಿಲ್ಲ.

ಕಂಡಕ್ಟರ್ ತಲೆ ಹೊರಗೆ ಹಾಕಿದ. "ಅತ್ರವ್ವಾ. ಆರತಿ ತಟ್ಟೆ ತರ್ಬೇಕಾ?"

"ತಂದ್ರೆ ಬ್ಯಾಡ ಅನ್ನಕಿಲ್ಲ" ಎಂದು ರೇವಮ್ಮ ಮೊದಲು ಕಾಲಿಟ್ಟಳು. ಆಮೇಲೆ ನೂಕುನುಗ್ಗಲು.

ಅವ್ವ ಮಂಡಿಯ ಕಾರಣಕ್ಕೆ ಕೊನೆಗೆ ಹತ್ತಿದಳು, ಅವಳ ಹಿಂದೆ ನಾನು. ಅಷ್ಟು ಹೊತ್ತಿಗೆ ಒಂದು ಸೀಟೂ ಉಳಿದಿರಲಿಲ್ಲ. ಕಂಬಿ ಹಿಡಿದು ನಿಂತು ನನ್ನ ಕಡೆ ತಿರುಗಿ, "ಇಷ್ಟೊಂದ್ ಜನುನ್ನ ಯಾಕೆ ಸೇರಿಸ್ದೆ? ನಲವತ್ತು ಸಾಕು ಅಂದಿದ್ರಲ್ಲ ಅವ್ರು" ಎಂದು ಗೊಣಗಿದಳು.

ಮುಂದಿನ ಸೀಟಿನಿಂದ ಕಾಮಾಕ್ಷಮ್ಮ ಗಂಡನ ಭುಜ ತಟ್ಟಿದರು. "ಏಳಿ ಅತ್ಲಾಗೆ, ಗಟ್ಟಿಯಾಗಿದ್ದೀರಿ." ತಿಮ್ಮಪ್ಪನವರು ಎದ್ದರು. "ಬಾ ಮಾದಮ್ಮ, ಕೂತ್ಕೊ." ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಹೋಗಿ ಕಿಟಕಿಯ ಪಕ್ಕ ಕೂತು ಕಾಲು ನೀಡಿದಳು.

ತಿಮ್ಮಪ್ಪನವರೂ ನಾನೂ ಒಂದೇ ಕಂಬಿ ಹಿಡಿದು ನಿಂತುಕೊಂಡು ಹೋದೆವು. ಹಳ್ಳಿಮೈಸೂರು ಬಂತು, ಅವ್ವ ಕಿಟಕಿಯಾಚೆ ನೋಡಲೂ ಇಲ್ಲ, ಮಾತಿನಲ್ಲಿದ್ದಳು. ಹೊಳೆನರಸೀಪುರದಲ್ಲಿ ಇಳಿದು ಅವಳು ಕೆಲಸಕ್ಕೆ ಹೋದಳು. ಹೊತ್ತಿಗೆ ಮುಂಚೆ, ಕುಂಟದೆ. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ.